ಸ್ಪೀಕಿಂಗ್ ಟೆಸ್ಟಿನ್ಯಾಗ ಸೈಕಲ್ ಬಗ್ಗೆ ಕೇಳಿದ್ರ ಏನು ಹೇಳೋದು

ಹೊರದೇಶಕ್ಕ ಓದಾಕ, ಕೆಲಸಕ್ಕ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್, ಅದರ ಸ್ಪೀಕಿಂಗ್ ಟೆಸ್ಟಿಗೆ ತಯಾರಿ ಮಾಡೋ ಹುಡುಗರಿಗೆ ಯಾವ ವಿಷಯ ಬಂದ್ರ ಹೆದರಿಕಿ ಅಂತ ಕೇಳ್ರಿ, ಮ್ಯೂಸಿಯಂ ಅಂತಾರ, ಪೇಂಟಿಂಗ್ ಅಂತಾರ, ರೋಬೋಟ್ ಅಂತಾರ. ಸೈಕಲ್ ಅಂತ ಒಬ್ಬರೂ ಅನ್ನಂಗಿಲ್ಲ. "ಸೈಕಲ್ ಏನ್ ಬಿಡ್ರಿ ಅಕ್ಕಾರ, ಅದು ಈಜಿ ಐತಿ" ಅಂತಾರ. ಎದುರಿಗೆ ಕೂತು ಕೇಳಿದ್ರ ಮಾತ್ರ ಎಲ್ಲಾರ ಬಾಯಿಂದನೂ ಅವೇ ಎರಡು ಸಾಲು. ಸೈಕ್ಲಿಂಗ್ ಈಸ್ ಗುಡ್ ಫಾರ್ ಹೆಲ್ತ್, ಇಟ್ ಈಸ್ ಇಕೋ ಫ್ರೆಂಡ್ಲಿ. ಅಷ್ಟು ಹೇಳಿ ನನ್ನ ಮುಖ ನೋಡ್ಕೋತ ಕೂಡ್ತಾರ. ಎರಡೂ ಮಾತು ಖರೇನ, ತಪ್ಪೇನಿಲ್ಲ, ಆದ್ರ ಜೀವಮಾನದಾಗ ಸೈಕಲ್ ಹ್ಯಾಂಡಲ್ ಮುಟ್ಟದವನೂ ಅವೆರಡು ಮಾತು ಹೇಳಬಹುದು. ಇವರು ಹಂಗಲ್ಲ, ಮುಕ್ಕಾಲು ಮಂದಿ ಸೈಕಲ್ ಮ್ಯಾಲೇ ಸಾಲಿಗೆ ಹೋಗಿ ಬಂದವರು, ಬಿದ್ದು ಮೊಣಕಾಲು ಕೆತ್ತಿಸ್ಕೊಂಡವರು, ಅಪ್ಪನ ಸೈಕಲ್ ಮ್ಯಾಲೆ ಹಿಟ್ಟಿನ ಗಿರಣಿಗೆ ಜೋಳದ ಚೀಲ ಒಯ್ದವರು. ಅಷ್ಟೆಲ್ಲಾ ಒಳಗ ಇಟ್ಕೊಂಡು ಟೆಸ್ಟಿನ್ಯಾಗ ಯಾಕ ಎರಡು ಸಾಲಿಗೆ ನಿಂತುಬಿಡ್ತಾರ ಅನ್ನೋದು ನನ್ನ ಭಾಳ ದಿನದ ವಿಚಾರ.

ನಾನಿರೋದು ಪುಣೆಯೊಳಗ, ಕರ್ವೆನಗರದ ಕಡೆ. ಊರು ಧಾರವಾಡ. ನಾನು ಎಗ್ಸಾಮಿನರ್ ಅಲ್ಲ, ಕೋಚಿಂಗ್ ಕ್ಲಾಸಿನ ಧಂದೇನೂ ಅಲ್ಲ. ರವಿವಾರ ಮಧ್ಯಾಹ್ನ ನಮ್ಮ ಕನ್ನಡದ ಹುಡುಗರು ಹುಡುಗ್ಯಾರು ಮನಿಗೆ ಬರ್ತಾರ, ಕನ್ನಡ ಸಂಘದ ಕಾರ್ಯಕ್ರಮಕ್ಕ ಹೋದಾಗ ಪರಿಚಯ ಆದವರು, ಅವರ ಗೆಳೆಯರು, ಗೆಳೆಯರ ತಂಗ್ಯಾರು. ವಿಜಯಪುರ ಬಾಗಲಕೋಟಿ ಕಲಬುರಗಿ ಕಡೆಯವರು ಜಾಸ್ತಿ, ಒಬ್ಬಿಬ್ಬರು ಉಡುಪಿ ಕಡೆ ಹೋಟೆಲ್ ಮನೆತನದವರು. ಒಬ್ಬರಿಗೆ ಕೆನಡಾ, ಒಬ್ಬರಿಗೆ ಐರ್ಲೆಂಡಿನ್ಯಾಗ ಮಾಸ್ಟರ್ಸ್, ನರ್ಸಿಂಗ್ ಮುಗಿಸಿದ ಹುಡುಗ್ಯಾರಿಗೆ ಇಂಗ್ಲೆಂಡ್. ಚಹಾ ಕುಡಿದು ಇಂಗ್ಲಿಷ್ ಮಾತಾಡ್ತೀವಿ, ಅಷ್ಟ.

ಟೆಸ್ಟ್ ಹೆಂಗಿರ್ತದ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಒಟ್ಟು 11ರಿಂದ 14 ನಿಮಿಷದ ಮಾತುಕತಿ, ಎದುರಿಗೆ ಒಬ್ಬ ಎಗ್ಸಾಮಿನರ್, ಕೆಲವು ಕಡೆ ವಿಡಿಯೋ ಕಾಲ್ ಮ್ಯಾಲೆ. ಎಲ್ಲಾ ರೆಕಾರ್ಡ್ ಆಗ್ತದ. ಮೊದಲ ಭಾಗ ನಾಲ್ಕೈದು ನಿಮಿಷ, ಮನಿ ಊರು ಕೆಲಸ ಹವ್ಯಾಸ ಇಂಥಾ ಸಾದಾ ಪ್ರಶ್ನೆ, ಸಣ್ಣಾಂವ ಇದ್ದಾಗ ಸೈಕಲ್ ಇತ್ತೇನು, ನಿಮ್ಮ ಊರಾಗ ಮಂದಿ ಸೈಕಲ್ ಹೊಡೀತಾರೇನು ಅನ್ನೋದು ಬರೋದು ಇಲ್ಲೇ. ಎರಡನೇದು ವಿಷಯ ಬರೆದ ಒಂದು ಕಾರ್ಡ್ ಕೊಟ್ಟು, ಪೆನ್ಸಿಲ್ ಕಾಗದ ಕೊಟ್ಟು, ಒಂದು ನಿಮಿಷ ವಿಚಾರ ಮಾಡಾಕ ಬಿಟ್ಟು, ಆಮ್ಯಾಲೆ ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತಾಡೋದು. ಮೂರನೇದು ಅದೇ ವಿಷಯದ ಮ್ಯಾಲೆ ಚರ್ಚೆ, ಮತ್ತ ನಾಲ್ಕೈದು ನಿಮಿಷ. ಪಾಸು ಫೇಲು ಇಲ್ಲ, 0ರಿಂದ 9ರ ತನಕ ಬ್ಯಾಂಡ್. ನೋಡೋದು ನಾಲ್ಕು, ತಡವರಿಸದ ಒಂದಕ್ಕೊಂದು ಹೊಂದಿಸಿ ಮಾತಾಡ್ತೀರೇನು, ಶಬ್ದ ಎಷ್ಟು ಅವ, ವ್ಯಾಕರಣ ಹೆಂಗದ, ಉಚ್ಚಾರ ತಿಳೀತದೇನು. ನಾಲ್ಕಕ್ಕೂ ತೂಕ ಒಂದೇ. ಈ ನಾಲ್ಕರೊಳಗ "ಪರಿಸರದ ಬಗ್ಗೆ ಕಾಳಜಿ ಅದ ಇಲ್ಲ" ಅನ್ನೋದಕ್ಕ ಒಂದು ಮಾರ್ಕ್ಸೂ ಇಲ್ಲ! ನೀವು ಸೈಕಲ್ ಕಂಡ್ರ ಆಗಂಗಿಲ್ಲ ಅಂದ್ರೂ ನಡೀತದ, ಯಾಕ ಆಗಂಗಿಲ್ಲ ಅನ್ನೋದನ್ನ ಬಿಡಿಸಿ ಹೇಳಬೇಕು. ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಹುಡುಗರು ನಂಬಂಗಿಲ್ಲ, ಟೆಸ್ಟ್ ಅಂದ್ರ ಒಳ್ಳೇ ಮಾತು ಹೇಳಬೇಕು ಅನ್ನೋದು ಸಾಲಿಯಿಂದ ತಲಿಯೊಳಗ ಕೂತುಬಿಟ್ಟದ.

ಜಮಖಂಡಿ ಕಡೆ ಒಬ್ಬ ಹುಡುಗ ಬರ್ತಾನ, ಡಿಪ್ಲೊಮಾ ಮೆಕ್ಯಾನಿಕಲ್. ಅವರಪ್ಪ ಭಾಳ ವರ್ಷದ ಹಿಂದ ಪುಣೆಗೆ ಬಂದು ವಾರ್ಜೆ ಕಡೆ ರಸ್ತೆ ಬದಿಗೆ ಪಂಚರ್ ಅಂಗಡಿ ಇಟ್ಟವರು. ಸೈಕಲ್ ಪ್ರಶ್ನೆ ಕೇಳಿದೆ, ಹೆಲ್ತ್ ಅಂದ, ಪೊಲ್ಯೂಶನ್ ಅಂದ, ನಿಂತ. ಮತ್ತ ಒತ್ತಿ ಕೇಳಿದ್ರ "ಸೈಕಲ್ ರಿಡ್ಯೂಸಸ್ ಕಾರ್ಬನ್ ಫುಟ್‌ಪ್ರಿಂಟ್" ಅಂತ ಯಾವುದೋ ವಿಡಿಯೋದಾಗಿನ ಸಾಲು ಬಂತು. ನಾನಂದೆ, ತಮ್ಮಾ ಇಂಗ್ಲಿಷ್ ಬಿಡು, ಅಂಗಡ್ಯಾಗ ಸೈಕಲ್ ಪಂಚರ್ ಬಂದ್ರ ಏನು ಮಾಡ್ತೀ ಅದನ್ನ ಕನ್ನಡದಾಗ ಹೇಳು. ಸುರು ಮಾಡಿದ ನೋಡ್ರಿ. ಮೊದಲ ಗಾಲಿ ಬಿಚ್ಚಂಗಿಲ್ರಿ, ಲಿವರ್ ಹಾಕಿ ಟಾಯರ್ ಒಂದು ಬದಿ ಎಬ್ಬಿಸಿ ಟ್ಯೂಬ್ ಹೊರಗ ಎಳೀತೀವ್ರಿ, ಗಾಳಿ ತುಂಬಿ ಬುಟ್ಟಿ ನೀರಾಗ ಸುತ್ತ ಅದ್ದಿಕೋತ ಬರೋದ್ರಿ, ಗುಳ್ಳಿ ಎಲ್ಲೆ ಏಳ್ತಾವ ಅಲ್ಲೆ ಬೊಟ್ಟು ಇಟ್ಟು ಹಿಡೀಬೇಕು, ಒರೆಸಿ ಗುರುತು ಮಾಡಿ ಪಾಲಿಶ್ ಪೇಪರ್‌ಲೆ ತಿಕ್ಕಿ ಸೊಲ್ಯೂಶನ್ ಹಚ್ಚಿ ಸ್ವಲ್ಪ ಬಿಡಬೇಕ್ರಿ, ಹಸಿ ಇದ್ದಾಗ ಪ್ಯಾಚ್ ಇಟ್ರ ಕೂಡಂಗಿಲ್ಲ, ಒಣಗಿದ ಮ್ಯಾಲೆ ಇಟ್ಟು ಬಡೀಬೇಕು. ಅಷ್ಟಕ್ಕ ಮುಗೀಲಿಲ್ಲ. ಟಾಯರ್ ಒಳಗ ಬೊಟ್ಟು ಆಡಿಸಿ ಮುಳ್ಳು ಹುಡುಕಬೇಕ್ರಿ ಅಕ್ಕಾರ, ಅದನ್ನ ಬಿಟ್ರ ಗಿರಾಕಿ ನಾಳೆ ಮತ್ತ ಬರ್ತಾನ, ಮತ್ತ ಅಪ್ಪಗ ಬೈತಾನ.

ನಡುವ ಎಲ್ಲೂ ನಿಲ್ಲಲಿಲ್ಲ. ಮೊದಲ, ಆಮ್ಯಾಲೆ, ಅಷ್ಟೊತ್ತಿಗೆ, ಒಣಗಿದ ಮ್ಯಾಲೆ, ಇಲ್ಲಾಂದ್ರ, ಯಾಕಂದ್ರ, ಈ ಜೋಡಿಸೋ ಮಾತೆಲ್ಲಾ ಕರೆಯದ ಬಂದ್ವು. ಕೋಚಿಂಗ್ ಕ್ಲಾಸಿನ್ಯಾಗ ಇವನ್ನ ಒಂದು ಪಟ್ಟಿ ಮಾಡಿ ಬಾಯಿಪಾಠ ಮಾಡಸ್ತಾರ, ಹುಡುಗರು ಅವನ್ನ ಉತ್ತರದ ನಡುವ ಎಲ್ಲಿ ಬೇಕಲ್ಲೆ ಚುಚ್ಚತಾರ. ಕೆಲಸ ಗೊತ್ತಿದ್ದವನಿಗೆ ಚುಚ್ಚೋದು ಬೇಕಾಗಿಲ್ಲ, ಕೆಲಸದ ಒಳಗೇ ಅದೇ ಕ್ರಮ ಇರ್ತದ. ಈಗ ಇದನ್ನೇ ಇಂಗ್ಲಿಷ್‌ನ್ಯಾಗ ಹೇಳು ಅಂದೆ. ನಿಂತ, ತಡವರಿಸಿದ, ಎರಡು ಮೂರು ಕಡೆ ಶಬ್ದ ಸಿಗಲಿಲ್ಲ, ಸಿಗದಿದ್ದಲ್ಲೆ ಸುತ್ತಿ ಬಳಸಿ ಹೇಳಿದ. ಪಾಲಿಶ್ ಪೇಪರಿಗೆ ಸ್ಯಾಂಡ್‌ಪೇಪರ್ ಅನ್ನೋದು ಬರಲಿಲ್ಲ, "ರಫ್ ಪೇಪರ್ ವಿಚ್ ವಿ ಯೂಸ್ ಫಾರ್ ರಬ್ಬಿಂಗ್" ಅಂದ. ನನಗ ಅದು ಭಾಳ ಛೊಲೋ ಅನಿಸ್ತು, ಯಾಕಂದ್ರ ಶಬ್ದ ಸಿಗದಾಗ ಸುತ್ತಿ ಹೇಳಿ ದಾಟೋದಕ್ಕೂ ಈ ಟೆಸ್ಟಿನ್ಯಾಗ ಬೆಲೆ ಅದ, ಬಾಯಿ ಮುಚ್ಚಿ ಕೂಡೋದಕ್ಕ ಇಲ್ಲ. ಎರಡು ನಿಮಿಷ ಪೂರಾ ಮಾತಾಡಿದ. ಕಾರ್ಬನ್ ಫುಟ್‌ಪ್ರಿಂಟ್ ಎಲ್ಲೂ ಬರಲಿಲ್ಲ.

ಮೊದಲ ಭಾಗದ ಪ್ರಶ್ನೆಗೆ ಇಷ್ಟು ಉದ್ದ ಬೇಡ ಮತ್ತ. ಅಲ್ಲೆ ಎರಡು ಮೂರು ಸಾಲು ಸಾಕು, ಎಗ್ಸಾಮಿನರ್ ಕಡೆ ಇನ್ನೂ ಪ್ರಶ್ನೆ ಸಾಲಾಗಿ ಕಾಯ್ತಿರ್ತಾವ. ಸೈಕಲ್ ಹೊಡೀತೀರೇನು ಅಂದ್ರ "ಈಗಿಲ್ಲ, ಆಫೀಸ್ ಹಿಂಜೇವಾಡಿಯೊಳಗ ಅದ, ಅಷ್ಟು ದೂರ ಆಗಂಗಿಲ್ಲ, ಆದ್ರ ಊರಿಗೆ ಹೋದಾಗ ಕಾಕಾನ ಸೈಕಲ್ ತಗೊಂಡು ತ್ವಾಟಕ್ಕ ಹೋಗ್ತೀನಿ" ಅಂತ ಅಷ್ಟು ಹೇಳಿದ್ರ ಆತು. ಇದರೊಳಗ ಈಗಿನದು ಅದ, ಕಾರಣ ಅದ, ರೂಢಿ ಅದ, ನಿಮ್ಮ ಊರೂ ಬಂತು. ಹೌದು, ಇಲ್ಲ ಅಂತ ಒಂದೇ ಮಾತಿಗೆ ಬಿಟ್ರ ಅವರಿಗೆ ನಿಮ್ಮ ಇಂಗ್ಲಿಷ್ ಅಳಿಯಾಕ ಏನೂ ಸಿಗಂಗಿಲ್ಲ. ಪ್ರಶ್ನೆ ತಿಳೀಲಿಲ್ಲ ಅಂದ್ರ ಇನ್ನೊಮ್ಮೆ ಹೇಳ್ರಿ ಅಂತ ಕೇಳಬಹುದು, ನಾಚಿಕಿ ಪಡೋದು ಏನಿಲ್ಲ. ಇನ್ನೊಂದು, ಪುಣೆ ಹುಡುಗರಿಗೆ ಇದು ಬೇಕೇ ಬೇಕು. ನಮ್ಮ ಕಡೆ ಬೈಕ್ ಅಂದ್ರ ಪಲ್ಸರ್, ಸ್ಪ್ಲೆಂಡರ್. ಎಗ್ಸಾಮಿನರ್ ಬೈಕ್ ಅಂದಾಗ ಅದು ಬಹುತೇಕ ಸೈಕಲ್ಲೇ ಇರ್ತದ. ಒಬ್ಬ ಹುಡುಗ ನನ್ನೆದುರಿಗೆ ಮೈಲೇಜು, ಸರ್ವಿಸಿಂಗು, ಲೈಸೆನ್ಸು ಎಲ್ಲಾ ಹೇಳಿ ಮುಗಿಸಿದ ಮ್ಯಾಲೆ ಪ್ರಶ್ನೆ ಬ್ಯಾರೆ ಇತ್ತು ಅಂತ ಗೊತ್ತಾತು. ಗೊಂದಲ ಅನಿಸಿದ್ರ "ಡು ಯು ಮೀನ್ ಎ ಬೈಸಿಕಲ್" ಅಂತ ಮೊದಲೇ ಕೇಳಿಬಿಡೋದು ಛೊಲೋ.

ಕಾರ್ಡಿನ ಭಾಗಕ್ಕ ಬರ್ತೀನಿ, ನನಗ ಭಾಳ ಪ್ರೀತಿ ಇರೋದು ಇದರ ಮ್ಯಾಲೆ. ಕಾರ್ಡಿನ್ಯಾಗ ಸೈಕಲ್ ಅಂತ ನೇರ ಬರೀಬೇಕಂತಿಲ್ಲ. ಸಣ್ಣವರಿದ್ದಾಗ ಕಲಿತ ಒಂದು ಕೆಲಸ, ನಿಮಗ ಭಾಳ ಬೇಕಾದ ಒಂದು ವಸ್ತು, ಯಾರರೆ ಕೊಟ್ಟ ಉಡುಗೊರೆ, ಮರೀಲಾರದ ಒಂದು ಪ್ರಯಾಣ, ಇವೆಲ್ಲಾದಕ್ಕೂ ಒಂದು ಸೈಕಲ್ ಸಾಕು. ಅದಕ್ಕ ನಾನು ಎಲ್ಲಾರಿಗೂ ಹೇಳೋದು, ನಿಮ್ಮ ಒಂದು ಸೈಕಲ್ ಕಥಿ ಪೂರಾ ನೆನಪು ಮಾಡ್ಕೊಂಡು ಇಟ್ಕೊಳ್ರಿ, ಬಾಯಿಪಾಠ ಅಲ್ಲ, ನೆನಪು. ಬಣ್ಣ ಯಾವುದು, ಯಾರದು, ಬ್ರೇಕ್ ಹಿಡೀತಿತ್ತೇನು, ಡೈನಮೋ ಇತ್ತೇನು, ಹಿಂದ ಕ್ಯಾರಿಯರ್ ಮ್ಯಾಲೆ ಯಾರು ಕೂಡ್ತಿದ್ರು, ಚೈನ್ ಎಲ್ಲೆ ಬೀಳ್ತಿತ್ತು, ಕಲಿಸಿದವರು ಯಾರು, ಹಿಂದ ಹಿಡಿದವರು ಕೈ ಬಿಟ್ಟದ್ದು ಯಾವಾಗ ಗೊತ್ತಾತು.

ಇಂಡಿ ತಾಲೂಕಿನ ಒಬ್ಬ ಹುಡುಗಿ, ಇಲ್ಲೆ ಒಂದು ಆಸ್ಪತ್ರ್ಯಾಗ ನರ್ಸ್. ಇಂಗ್ಲೆಂಡಿಗೆ ಹೋಗಬೇಕಂತ, ಅಲ್ಲಿ ನರ್ಸ್ ಅಂತ ನೋಂದಣಿ ಆಗಾಕ ಐಇಎಲ್‌ಟಿಎಸ್ ಮ್ಯಾಲೆ ಹೋದ್ರ ಸ್ಪೀಕಿಂಗಿಗೆ 7 ಬೇಕು. ಅಕಿಗೆ ಉಡುಗೊರೆ ಕಾರ್ಡ್ ಕೊಟ್ಟೆ. ಒಂದು ನಿಮಿಷ ಕಾಗದ ನೋಡ್ಕೋತ ಕೂತಳು, ಏನೂ ಬರೀಲಿಲ್ಲ, ಆಮ್ಯಾಲೆ ಅಣ್ಣ ಕೊಟ್ಟ ಮೊಬೈಲ್ ಬಗ್ಗೆ ನಾಲ್ಕು ಸಾಲು ಹೇಳಿ ನಿಂತಳು. ಸೈಕಲ್ ಯಾರೂ ಕೊಟ್ಟಿರಲಿಲ್ಲೇನವಾ ಅಂತ ಕೇಳಿದೆ. "ಕೊಟ್ಟಿದ್ರಲ್ರಿ ಅಕ್ಕಾರ, ಎಂಟನೇತ್ತಾ ಇದ್ದಾಗ ಸರ್ಕಾರದವ್ರು. ಅದು ಉಡುಗೊರೆ ಅಂತ ಹೇಳಬಹುದೇನ್ರಿ? ಸರ್ಕಾರದ್ದು ಅಂದ್ರ ಅವ್ರು ಏನು ತಿಳ್ಕೋತಾರೋ."

ನನಗ ಆ ಮಾತು ಭಾಳ ಹತ್ತಿತು. ಕರ್ನಾಟಕದಾಗ 2006-07ರಿಂದ ಸರ್ಕಾರಿ ಸಾಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋದು ಸುರು ಆತು, ಎಷ್ಟು ಹೆಣ್ಮಕ್ಕಳು ಅದರ ಮ್ಯಾಲೆ ಹೈಸ್ಕೂಲ್ ಮುಗಿಸಿದ್ರು, ಆ ಸೈಕಲ್ ಇಲ್ಲದಿದ್ರ ಈ ಹುಡುಗಿ ನರ್ಸಿಂಗ್ ತನಕ ಬರ್ತಿದ್ದಳೋ ಇಲ್ಲೋ. ಅದನ್ನ ಹೇಳಾಕ ಅಕಿ ಹಿಂದ ಮುಂದ ನೋಡ್ತಾಳ, ಮೊಬೈಲ್ ಬಗ್ಗೆ ಹೇಳಾಕ ನೋಡಂಗಿಲ್ಲ. ನಾನಂದೆ, ಅದನ್ನೇ ಹೇಳು, ಯಾವ ಊರಿನ ಯಾವ ಎಗ್ಸಾಮಿನರ್ ಇದ್ರೂ ಈ ಕಥಿ ಬೆನ್ನು ನೆಟ್ಟಗ ಮಾಡಿ ಕೇಳ್ತಾನ. ಆಮ್ಯಾಲೆ ಒಂದೊಂದೇ ಬಂದ್ವು. ಸಾಲಿ ಮೈದಾನದಾಗ ಸೈಕಲ್ ಸಾಲಾಗಿ ನಿಲ್ಲಿಸಿದ್ದು, ಹೆಡ್‌ಮಾಸ್ತರು ಹೆಸರು ಕರೆದು ಕೊಟ್ಟಿದ್ದು, ಮುಂದಿನ ಬುಟ್ಟಿಯೊಳಗ ಪಾಟೀಚೀಲ ಹಿಡೀತಿರಲಿಲ್ಲ ಅಂತ ಹಿಂದ ಟ್ಯೂಬ್‌ಲೆ ಬಿಗಿದು ಕಟ್ಟತಿದ್ದದ್ದು, ಅದಕ್ಕೂ ಮೊದಲ ಅಣ್ಣನ ದೊಡ್ಡ ಸೈಕಲ್ ಮ್ಯಾಲೆ ಬಾರಿನ ಒಳಗಿಂದ ಕಾಲು ಹಾಕಿ ಒಳಪೆಡಲ್ ಹೊಡೆದು ಕಲ್ತಿದ್ದದ್ದು, ಹುಡುಗ್ಯಾರು ಐದಾರು ಮಂದಿ ಗುಂಪಾಗಿ ಹೋಗ್ತಿದ್ದದ್ದು, ಒಬ್ಬಕಿದು ಪಂಚರ್ ಆದ್ರ ಎಲ್ಲಾರೂ ಇಳಿದು ತಳ್ಳಿಕೋತ ಮನಿಗೆ ಬರ್ತಿದ್ದದ್ದು. ಈ ಕಡೀದನ್ನ ಅಕಿ ಹೇಳಿದಾಗ ನಾನು ತಡೆದು ಕೇಳಿದೆ, ಯಾಕ, ಉಳಿದವರು ಮುಂದ ಹೋಗಬಹುದಿತ್ತಲ್ಲ? "ಒಬ್ಬಕಿನ್ನ ಆ ದಾರಿಯೊಳಗ ಬಿಟ್ಟು ಹೆಂಗ ಹೋಗೋದ್ರಿ" ಅಂದಳು. ಕಾಗದದ ಮ್ಯಾಲೆ ನಾಲ್ಕೇ ಶಬ್ದ ಬರಸಿದೆ, ಮೈದಾನ, ಒಳಪೆಡಲ್, ಗುಂಪು, ಪಂಚರ್. ಬೇಕಾದ್ರ ಕನ್ನಡದಾಗೇ ಬರ್ಕೋ, ಅದು ನಿನಗಷ್ಟೇ ಇರೋ ಕಾಗದ, ಅದಕ್ಕ ಮಾರ್ಕ್ಸ್ ಇಲ್ಲ ಅಂದೆ. ಆ ನಾಲ್ಕು ಶಬ್ದದ ಮ್ಯಾಲೆ ಅಕಿ ಎರಡು ನಿಮಿಷ ಸಲೀಸಾಗಿ ಹೋದಳು, ನಾನು ಕೈ ಎತ್ತಿ ನಿಲ್ಲಿಸಬೇಕಾತು. ಖರೇ ಟೆಸ್ಟಿನ್ಯಾಗೂ ಎರಡು ನಿಮಿಷಕ್ಕ ನಿಲ್ಲಸ್ತಾರ, ಅದರ ಅರ್ಥ ತಪ್ಪಾತು ಅಂತಲ್ಲ, ಸಮಯ ಆತು ಅಂತ ಅಷ್ಟ.

ಇಂಥಾ ಕಥಿ ಇದ್ದವರಿಗೆ ಬ್ಯಾರೆಯವರ ಉತ್ತರ ಮಾರೋ ಧಂದೆ ನೋಡಿದ್ರ ನನಗ ಸಿಟ್ಟು ಬರ್ತದ. ಒಂದು ಕ್ಲಾಸಿನವರು ಹುಡುಗರಿಗೆ ಸೈಕಲ್ ಮ್ಯಾಲೆ ರೆಡಿ ಮಾಡಿದ ಪಿಡಿಎಫ್ ಕೊಟ್ಟಾರ, ಅದರೊಳಗ ಯಾರೋ ವಾರದ ಕಡೀಗೆ ಹೆಲ್ಮೆಟ್ ಹಾಕ್ಕೊಂಡು ನದಿ ದಂಡಿಗುಂಟ ಗೆಳೆಯರ ಜೋಡಿ ಸೈಕಲ್ ಹೊಡೀತಾರ, ಆಮ್ಯಾಲೆ ಕೆಫೆಯೊಳಗ ಕಾಫಿ ಕುಡೀತಾರ. ಇಂಡಿ ಹುಡುಗೀನೂ ಅದನ್ನೇ ಹೇಳಬೇಕು, ಜಮಖಂಡಿ ಹುಡುಗನೂ ಅದನ್ನೇ ಹೇಳಬೇಕು! ಬಾಯಿಪಾಠದ ಉತ್ತರ ಗುರುತಿಸಾಕ ಎಗ್ಸಾಮಿನರ್‌ಗೆ ತರಬೇತಿ ಇರ್ತದ, ಒಂದು ಅಡ್ಡ ಪ್ರಶ್ನೆ ಹಾಕಿದ ಕೂಡ್ಲೆ ದನಿ ಬದಲಾಗ್ತದ, ಓಡ್ಕೋತ ಬಂದ ಮಾತು ಒಮ್ಮಿಂದೊಮ್ಮೆ ಎಡವತದ. ರೊಕ್ಕ ಕೊಟ್ಟು ಅದನ್ನ ಕಲಿತು ಬ್ಯಾಂಡ್ ಕಳ್ಕೋತಾರ. ಅದಕ್ಕಿಂತ ನನಗ ಕೆಟ್ಟ ಅನಸೋದು, ನಿಮ್ಮಪ್ಪನ ಅಂಗಡಿ, ನಿಮ್ಮ ದಾರಿ, ನಿಮ್ಮ ಸೈಕಲ್ ಇಂಗ್ಲಿಷ್‌ನ್ಯಾಗ ಹೇಳೋ ಲಾಯಕ್ಕಿಲ್ಲ ಅಂತ ಆ ಪಿಡಿಎಫ್ ಬಾಯಿ ಬಿಡದ ಹೇಳ್ತದ. ಅದು ಸುಳ್ಳು.

ಮೂರನೇ ಭಾಗ ಬ್ಯಾರೆ. ಅಲ್ಲೆ ನಿಮ್ಮ ಕಥಿ ಒಂದೇ ಸಾಕಾಗಂಗಿಲ್ಲ, ಮಂದಿ, ಊರು, ಸರ್ಕಾರ ಇವುಗಳ ಬಗ್ಗೆ ಮಾತಾಡಬೇಕು. ನಗರದಾಗ ಸೈಕಲ್ ಯಾಕ ಕಡಿಮಿ ಆದ್ವು? ಸೈಕಲ್ಲಿಗೆ ಬ್ಯಾರೆ ದಾರಿ ಬೇಕೇನು? ಮುಂದ ಏನಾಗಬಹುದು? ಇಲ್ಲೆ ಪುಣೆಯೊಳಗ ಇರೋದೇ ದೊಡ್ಡ ಆಸ್ತಿ, ಯಾಕಂದ್ರ ಈ ಊರಿನ ಇತಿಹಾಸನೇ ಪೂರಾ ಉತ್ತರ. ಒಂದು ಕಾಲಕ್ಕ ಇದಕ್ಕ ಸೈಕಲ್ಲಿನ ಶಹರ ಅಂತಿದ್ರು, ನಮ್ಮ ಬಿಲ್ಡಿಂಗಿನ ವಯಸ್ಸಾದ ಆಜೋಬಾ ಈಗೂ ಹೇಳ್ತಾರ, ಖಡ್ಕಿ ಫ್ಯಾಕ್ಟರಿ ಭೋಂಗಾ, ಅಂದ್ರ ಸೈರನ್, ಆದ ಕೂಡ್ಲೆ ರಸ್ತೆ ತುಂಬ ಸೈಕಲ್ ಬಿಟ್ರ ಏನೂ ಕಾಣ್ತಿರಲಿಲ್ಲ, ಪೇಠಿನ ಒಳಗ ಕಾಲೇಜ್ ಹುಡುಗ್ಯಾರು ಸೀರಿ ಉಟ್ಟು ಸೈಕಲ್ ಹೊಡೀತಿದ್ರು ಅಂತ. ಆಮ್ಯಾಲೆ ಇದೇ ಊರಿನ ಸುತ್ತ ಸ್ಕೂಟರ್ ತಯಾರಾಗಾಕ ಸುರು ಆತು, ಆಕುರ್ಡಿಯ ಬಜಾಜ್‌ನವರ ಚೇತಕ್ 1972ಕ್ಕ ಬಂತು, ಕೈನೆಟಿಕ್‌ನವರ ಲೂನಾನೂ ಅದೇ ಹೊತ್ತಿಗೆ. ಊರು ಬೆಳೀತು, ಹಿಂಜೇವಾಡಿ ಚಾಕಣ ಅಂತ ಕೆಲಸದ ಜಾಗ ದೂರ ಹೋದ್ವು, ಸೈಕಲ್ ಬದಿಗೆ ಸರೀತು. 2017ರೊಳಗ ಊರಿಗೆಲ್ಲಾ ಸೇರಿ ಒಂದು ಸೈಕಲ್ ಪ್ಲ್ಯಾನ್ ಮಂಜೂರಾತು, ಕೆಲವು ರಸ್ತ್ಯಾಗ ಟ್ರ್ಯಾಕೂ ಅದ, ಆದ್ರ ಅದರ ಮ್ಯಾಲೆ ಗಾಡಿ ನಿಂತಿರ್ತಾವ, ಪಾವ್ ಭಾಜಿ ಗಾಡಿ ಇರ್ತದ, ನಡುವ ಒಂದು ಗಿಡ ಇಲ್ಲಾ ಕರೆಂಟಿನ ಡಿಪಿ ಡಬ್ಬಿ ಬಂದು ಟ್ರ್ಯಾಕ್ ಮುಗೀತದ. ಇಷ್ಟು ಹೇಳಿದ್ರ ಹಿಂದ ಹೆಂಗಿತ್ತು, ಈಗ ಹೆಂಗದ, ಯಾಕ ಬದಲಾತು ಅನ್ನೋ ಮೂರೂ ಬಂದ್ವು, ಅದಕ್ಕ ಬೇಕಾದ ವ್ಯಾಕರಣನೂ ತಾನೇ ಬಂತು.

ಪರ್ಸೆಂಟು, ಸರ್ವೇ ಅಂತ ಸುಳ್ಳು ಅಂಕಿ ಹೇಳಬ್ಯಾಡ್ರಿ ಅಂತ ನಾನು ಕೈ ಮುಗಿದು ಹೇಳ್ತೀನಿ. ಬೇಕಿಲ್ಲ ಅದು. ಗೊತ್ತಿದ್ದ ಒಂದೆರಡು ಖರೇ ಸಂಗತಿ ಇದ್ರ ಮಾತಿಗೆ ಬಲ ಬರ್ತದ. ನೆದರ್‌ಲ್ಯಾಂಡ್ಸ್ ಮೊದಲಿಂದ ಹಂಗೇ ಇತ್ತು ಅಂತ ಎಲ್ಲಾರೂ ತಿಳ್ಕೊಂಡಾರ. ಹಂಗಲ್ಲ, ಅಲ್ಲೂ ಕಾರು ಹೆಚ್ಚಾಗಿ ಸೈಕಲ್ ಹಿಂದ ಬಿದ್ದಿತ್ತು, 1970ರ ದಶಕದಾಗ ರಸ್ತ್ಯಾಗ ಮಕ್ಕಳು ಸಾಯೋದು ನೋಡಲಾರದ ಮಂದಿ ಬೀದಿಗೆ ಇಳಿದ್ರು, 1973ಕ್ಕ ತೈಲದ ಬಿಕ್ಕಟ್ಟು ಬಂತು, ಆಮ್ಯಾಲೆ ಸೈಕಲ್ ದಾರಿ ಕಟ್ಟಿದ್ರು. ಈಗ ಅಲ್ಲೆ ಮಂದಿಗಿಂತ ಸೈಕಲ್ ಹೆಚ್ಚು. ಅಂದ್ರ ಒಂದು ಊರು ತಿರುಗಿ ಬರಬಹುದು. ಪುಣೆ ಬಗ್ಗೆ ಆಶಾ ಇಟ್ಟು ಮಾತಾಡೋರಿಗೆ ಇದಕ್ಕಿಂತ ಛೊಲೋ ಉದಾಹರಣೆ ಇಲ್ಲ. ಸೈಕಲ್ ಯಾವಾಗ ಬಂತು ಅಂತ ಯಾರೂ ಕೇಳಂಗಿಲ್ಲ, ಆದ್ರ ತಿಳ್ಕೊಂಡ್ರ ಖುಷಿ ಆಗ್ತದ. 1817ಕ್ಕ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಮಾಡಿದ ಕಟ್ಟಿಗಿ ಗಾಡಿಗೆ ಪೆಡಲ್ಲೇ ಇರಲಿಲ್ಲ, ನೆಲಾ ಒದ್ದು ಓಡಬೇಕು. ಈಗಿನ ಆಕಾರದ್ದು, ಎರಡೂ ಗಾಲಿ ಹೆಚ್ಚುಕಡಿಮಿ ಸಮ, ಹಿಂದಿನ ಗಾಲಿಗೆ ಚೈನ್, ಅದು ಜಾನ್ ಕೆಂಪ್ ಸ್ಟಾರ್ಲಿಯ ರೋವರ್, 1885. ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜ್ ಸುರು ಆಗಿದ್ದೂ ಅದೇ ವರ್ಷ. 1888ಕ್ಕ ಡನ್‌ಲಪ್ ಗಾಳಿ ಟಾಯರ್ ಬಂತು, ಜಮಖಂಡಿ ಹುಡುಗನ ಅಪ್ಪನ ಹೊಟ್ಟಿಪಾಡು ಅಲ್ಲಿಂದ ಸುರು ಅಂತ ನಾನು ಅವಂಗ ಹೇಳಿದೆ, ಮನಿಗೆ ಹೋಗಿ ಅಪ್ಪಗ ಹೇಳಿದ್ನಂತ, ಅವರಿಗೂ ಭಾಳ ಖುಷಿ ಆತಂತ. ಮುಂಬೈ ಹುಡುಗರಿಗೆ ಹೇಳೋದಾದ್ರ 1923ರ ಅಕ್ಟೋಬರ್‌ನ್ಯಾಗ ಅಲ್ಲಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ ಮ್ಯಾಲೆ ಜಗತ್ತು ಸುತ್ತಾಕ ಹೊಂಟ್ರು. ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗಾರಾ ಈ ಮೂರು ಮಂದಿ 1928ಕ್ಕ ಪೂರಾ ಸುತ್ತಿ ಮುಂಬೈಗೆ ತಿರುಗಿ ಬಂದ್ರು. ನೀವು ಮೆಚ್ಚಿದ ಸಾಹಸ ಯಾವುದು ಅಂತ ಕಾರ್ಡ್ ಬಂದ್ರ ಎವರೆಸ್ಟ್ ಬಿಟ್ಟು ಇದನ್ನ ಹೇಳಬಾರದೇನು.

ಉಚ್ಚಾರದ ಬಗ್ಗೆ ಬೇಗ ಹೇಳಿ ಮುಗಸ್ತೀನಿ. ನಮ್ಮ ಕನ್ನಡದ ಧಾಟಿ ಇರೋದಕ್ಕ ಮಾರ್ಕ್ಸ್ ಕಡಿಮಿ ಮಾಡಂಗಿಲ್ಲ, ಕೇಳೋರಿಗೆ ತಿಳೀದಿದ್ರ ಮಾಡ್ತಾರ. ಬೈಸಿಕಲ್ ಅನ್ನೋದನ್ನ ಬೈ-ಸೈಕಲ್ ಅಂತ ಎಳೀಬ್ಯಾಡ್ರಿ, ವೆಹಿಕಲ್‌ನ್ಯಾಗಿನ ಹಿ ಗುದ್ದಬ್ಯಾಡ್ರಿ, ಬ್ರೇಕು ಚೈನು ರೋಡು ಅಂತ ಕಡೀಗೆ ಉ ಸೇರಸಬ್ಯಾಡ್ರಿ. ಅಮೆರಿಕನ್ ಧಾಟಿ ಅನುಕರಣ ಮಾಡೋದು ಬೇಡೇ ಬೇಡ, ಮೂರನೇ ನಿಮಿಷಕ್ಕ ಅದು ಜಾರತದ. ಗಡಿಬಿಡಿ ಮಾಡದ, ವಾಕ್ಯ ಪೂರಾ ಮುಗಿಸಿದ್ರ ಸಾಕು.

ಕಡೀಗೆ ಹೋದ ರವಿವಾರದ್ದು. ಇಂಡಿ ಹುಡುಗಿಗೆ ಮೂರನೇ ಭಾಗದ ಪ್ರಶ್ನೆ ಕೇಳಿದೆ, ಸರ್ಕಾರ ನಗರದಾಗ ಸೈಕಲ್ ದಾರಿಗೆ ರೊಕ್ಕ ಹಾಕಬೇಕೇನು? ಮೊದಲಿನಂಗ ಹೆಲ್ತ್ ಪೊಲ್ಯೂಶನ್ ಬರ್ತದ ಅಂತ ನಾನು ಕಾಯ್ತಿದ್ದೆ. ಇಲ್ಲ ಅಂದಳು, ಇಂಗ್ಲಿಷ್‌ನ್ಯಾಗೇ. ಮೊದಲ ಹಳ್ಳಿಯಿಂದ ಹೈಸ್ಕೂಲಿಗೆ ಹೋಗೋ ದಾರಿಗೆ ಹಾಕಬೇಕು, ಅಲ್ಲೆ ಲೈಟ್ ಹಾಕಬೇಕು, ಸೈಕಲ್ ಕೊಟ್ಟು ದಾರಿ ಕೊಡದಿದ್ರ ಕಾರ್ತೀಕ ಮಾಸದಾಗ ಸಂಜಿ ಕತ್ತಲ ಬೇಗ ಆಗ್ತದ, ಮನ್ಯಾಗ ಹುಡುಗೀನ ಸಾಲಿ ಬಿಡಸ್ತಾರ, ನಮ್ಮ ಗುಂಪಿನ್ಯಾಗ ಇಬ್ಬರನ್ನ ಹಂಗೇ ಬಿಡಿಸಿದ್ರು. ನಾನು ಬಿಡಲಿಲ್ಲ, ನಗರದಾಗ ಮಂದಿ ಹೆಚ್ಚು, ಅಪಘಾತ ಹೆಚ್ಚು, ಅಲ್ಲೆ ಬೇಡೇನು ಅಂದೆ. ಒಂದು ಗಳಿಗಿ ವಿಚಾರ ಮಾಡಿ, ಅದೂ ಖರೇನ, ನಮ್ಮ ಆಸ್ಪತ್ರಿಗೆ ರಾತ್ರಿ ಪಾಳಿಗೆ ಸೈಕಲ್ ಮ್ಯಾಲೆ ಬರೋ ವಾರ್ಡ್‌ಬಾಯ್ ಒಬ್ಬರಿಗೆ ಕಾರು ಹೊಡೆದು ಕಾಲು ಮುರಿದಿತ್ತು, ಆದ್ರೂ ಮೊದಲು ಯಾವುದು ಅಂತ ಕೇಳಿದ್ರ ನಾನು ಹುಡುಗ್ಯಾರ ದಾರಿ ಅಂತೀನಿ ಅಂದಳು. ನಾನು ಪುದುಕ್ಕೋಟ್ಟೈ ವಿಷಯ ಹೇಳಿದೆ, 1990ರ ದಶಕದ ಸುರುವಿಗೆ ತಮಿಳುನಾಡಿನ ಆ ಜಿಲ್ಲೆಯೊಳಗ ಸಾಕ್ಷರತಾ ಆಂದೋಲನದ ಜೋಡಿ ಸಾವಿರಾರು ಹೆಣ್ಮಕ್ಕಳು ಸೈಕಲ್ ಕಲಿತಿದ್ರು, ಜಿಲ್ಲಾ ಕಲೆಕ್ಟರ್ ಅದಕ್ಕ ಬೆನ್ನಿಗೆ ನಿಂತಿದ್ರು ಅಂತ. ಅದನ್ನ ಕಾಗದದ ಮ್ಯಾಲೆ ಬರ್ಕೊಂಡಳು, ಆಮ್ಯಾಲೆ "ಅಕ್ಕಾರ, ಇದು ನಮ್ಮ ಗುಂಪಿನ ಕಥಿ ಆದ ಮ್ಯಾಲೆ ಹೇಳ್ತೀನ್ರಿ, ಮೊದಲ ನಮ್ಮದು" ಅಂದಳು.

ಒಪ್ಪಿ, ಒಪ್ಪದ, ಕಾರಣ ಕೊಟ್ಟು, ತನ್ನ ಮಾತಿಗೆ ತಿರುಗಿ ಬರೋದು ಅಕಿಗೆ ಈಗ ಬರ್ತದ. "ಇಫ್" ಹಾಕಿದ ವಾಕ್ಯದಾಗ ಎರಡೂ ಕಡೆ "ವುಡ್" ಹಾಕಿಬಿಡ್ತಾಳ, ಅದೊಂದು ತಿದ್ದೋದು ಉಳಿದದ. ಟೆಸ್ಟ್ ಮುಂದಿನ ತಿಂಗಳು ಅದ, ಅಷ್ಟರಾಗ ಆಗ್ತದ.